ಹಲಗೆಗೆ ಬಿದ್ದ ಹೆಸರು

“ಅವಳೊಬ್ಬಳನ್ನ ಬಿಟ್ಟು ಬೇರೆ ಯಾರು ಬೇಕಾದ್ರೂ ಒಳಗೆ ಬರ್ಲಿ!”

ಸಾಯುತ್ತಿದ್ದ ಮುದುಕಿಯ ಗಂಟಲಲ್ಲಿ ಅಷ್ಟು ಬಲ ಎಲ್ಲಿತ್ತೋ! ಮಲಗುವ ಕೋಣೆಯಿಂದ ಹೊರಟ ಆ ಮಾತು ಅಡಿಗೆಮನೆಯಲ್ಲಿ ಕಿಕ್ಕಿರಿದು ಕುಳಿತಿದ್ದ ಅಷ್ಟೂ ಜನರ ಕಿವಿಗೆ ಬಿತ್ತು. ಬಾಗಿಲ ಮುಂದೆ ಚಹಾದ ಲೋಟ ಹಿಡಿದು ನಿಂತಿದ್ದಳು ವೆರೋನಿಕ್. ಬೆಳಗಿನಿಂದ ಕ್ಷಮೆಯ ಸರದಿ ನಡೆದಿತ್ತು. ಒಬ್ಬೊಬ್ಬರಾಗಿ ಒಳಗೆ ಹೋಗಿ ಮುದುಕಿ ಫಿಲೊಮೀನ್‌ಳ ಒಣಗಿದ ಕೈ ಹಿಡಿದು, “ನನ್ನಿಂದ ನೋವಾಗಿದ್ರೆ ಕ್ಷಮಿಸು ಕಿಜು, ಕ್ಷಮಿಸು ತಾಯಿ” ಎನ್ನುವುದು. ಅವಳು “ಕ್ಷಮಿಸಿದೆ, ನೀನೂ ನನ್ನ ಕ್ಷಮಿಸು” ಎನ್ನುವುದು. ಹೋಗುವ ಜೀವ ಯಾರ ಮೇಲೂ ಭಾರ ಬಿಡದೆ, ತಾನೂ ಭಾರ ಹೊರದೆ ಹೋಗಬೇಕು. ಮೂಲನಿವಾಸಿ ಮಿಗ್ಮಾ ಜನರ ಮನೆಗಳಲ್ಲಿ ಸಾಯುವವರಿಗೆ ಪಾದ್ರಿ ಹಚ್ಚುವ ಎಣ್ಣೆಗಿಂತಲೂ ಇದಕ್ಕೆ ಬೆಲೆ ಹೆಚ್ಚು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಪಕ್ಕದ ಮನೆಯವಳು ಕೂಡ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಿದ್ದಳು. ಸೊಸೆ ವೆರೋನಿಕ್‌ಳಿಗೆ, ಆ ಊರು ಮೂರು ಸಲ ಆರಿಸಿದ ಮುಖ್ಯಸ್ಥೆಗೆ, ಮಾತ್ರ ಬಾಗಿಲು ತೆರೆಯಲಿಲ್ಲ.

ಬಾಗಿಲಿಗೆ ಅಡ್ಡ ನಿಂತವಳು ನಾದಿನಿ ಡೆಲ್ಫೀನ್. “ಕೇಳಿಸ್ತಲ್ಲ ಚೀಫಮ್ಮ? ಇದು ನಿಮ್ಮ ಆಫೀಸಲ್ಲ, ನಮ್ಮಮ್ಮನ ಕೋಣೆ. ಇಲ್ಲಿ ನಿಮ್ಮ ಸೀಲು ನಡೆಯಲ್ಲ.”

“ಈ ಚಹಾ ಆದ್ರೂ ಕೊಡು ಡೆಲ್ಫೀನ್. ಅತ್ತೆ ಬಾಯಿ ಒಣಗಿದೆ.”

“ನಿಮ್ಮ ಕೈಯ ಚಹಾನಾ? ಕುಡಿಯೋಕೂ ಅರ್ಜಿ ಹಾಕ್ಬೇಕೇನೋ!”

ಅಡಿಗೆಮನೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದಂತೆ ಮಾಡಿದರು. ವೆರೋನಿಕ್ ಲೋಟವನ್ನು ಕಿಟಕಿಯ ಮೇಲಿಟ್ಟಳು. ಮುಖ ಸುಡುತ್ತಿತ್ತು. ತಾನು ನಿಜಕ್ಕೂ ಇಷ್ಟು ಕೆಟ್ಟವಳೇ? ಐದು ವಾರಗಳಿಂದ ದಿನವೂ ತನ್ನನ್ನೇ ಕೇಳಿಕೊಂಡ ಪ್ರಶ್ನೆ ಅದು.

ಐದು ವಾರದ ಹಿಂದೆ ಉತ್ತರದ ಗುಡ್ಡದ ಮೇಲೆ ಊರಿನ ಕಾವಲುಗಾರರಿಗೆ ಕುದುರೆಯಷ್ಟು ಎತ್ತರದ ಜಿಂಕೆ ಜಾತಿಯ ಒಂದು ಹೆಣ್ಣು ಮೂಸ್ ಸತ್ತು ಬಿದ್ದದ್ದು ಸಿಕ್ಕಿತ್ತು. ಹಿಂತೊಡೆ ಎರಡನ್ನು ಮಾತ್ರ ಕೊಯ್ದು, ಮಿಕ್ಕ ಅಷ್ಟು ದೊಡ್ಡ ದೇಹವನ್ನು ಕೊಳೆಯಲು ಬಿಟ್ಟಿದ್ದರು. ಪಕ್ಕದಲ್ಲೇ ಅದರ ಮರಿ ನಿಂತಿತ್ತಂತೆ, ಅಟ್ಟಿದರೂ ಹೋಗದೆ! ಕೆಸರಿನಲ್ಲಿ ಪಿಯೆಲ್‌ನ ಟ್ರಕ್ಕಿನ ಗುರುತು. ಪಿಯೆಲ್ ವೆರೋನಿಕ್‌ಳ ಮೈದುನ. ಹನ್ನೊಂದು ಮುದುಕಿಯರ ಮನೆಗೆ ಪ್ರತಿ ಚಳಿಗಾಲ ಮಾಂಸ ಹಂಚುತ್ತಿದ್ದ ಬೇಟೆಗಾರ. ಕರೆಸಿ ಕೇಳಿದಾಗ ತಲೆ ತಗ್ಗಿಸಿ “ಹೌದು ಅತ್ತಿಗೆ, ನಾನೇ” ಎಂದುಬಿಟ್ಟ. ಸರ್ಕಾರದ ಕಾವಲುಗಾರರು ಬಂದು ತಮ್ಮ ಗಂಡಸರನ್ನು ಕೈಕೋಳ ಹಾಕಿ ಎಳೆದೊಯ್ಯುತ್ತಿದ್ದ ಕಾಲವನ್ನು ಆ ಊರು ಮರೆತಿರಲಿಲ್ಲ. “ನಮ್ಮ ಕಾಡನ್ನ ನಾವೇ ಕಾಯ್ತೀವಿ, ನಮ್ಮ ತಪ್ಪನ್ನ ನಾವೇ ತಿದ್ತೀವಿ” ಎಂದು ಏಳು ವರ್ಷ ಕಚೇರಿ ಕಚೇರಿ ಅಲೆದು, ಪಟ್ಟಣದ ಸಂಜೆ ತರಗತಿಯಲ್ಲಿ ಕಾನೂನು ಕಲಿತು, ಬೇಟೆಯ ನಿಯಮವನ್ನು ಸ್ವಂತ ಕೈಯಿಂದ ಬರೆದವಳು ವೆರೋನಿಕ್. ಮಾಂಸ ಕೊಳೆಯಲು ಬಿಟ್ಟವನು ಮೂರು ವರ್ಷ ಬಂದೂಕು ಮುಟ್ಟುವಂತಿಲ್ಲ. ಅವನ ಹೆಸರು ಕಚೇರಿಯ ಹಲಗೆಯ ಮೇಲೆ. ಅವಳು ಮೈದುನನ ಹೆಸರಿಗೆ ಸಹಿ ಹಾಕಿದ್ದಳು. ಮರುದಿನ ಫಿಲೊಮೀನ್ ಊರುಗೋಲು ಊರಿಕೊಂಡು ಕಚೇರಿಗೆ ಬಂದು, ಎಲ್ಲರೆದುರು ಆ ಹಲಗೆಗೆ ಉಗಿದು ಹೋಗಿದ್ದಳು. ಹೋದವಳು ಹಾಸಿಗೆ ಹಿಡಿದಳು.

ಒಳಗಿನಿಂದ ಪ್ರಾರ್ಥನೆ ಹೇಳಿಸುವ ಹಿರಿಯ ಇಸಿಡೋರ್ ಹೊರಗೆ ಬಂದರು.

“ಮಗಳೇ, ಅವಳದ್ದು ಒಂದೇ ಹಟ. ಈ ಜನರ ಮುಂದೆ ನೀನು ‘ಪಿಯೆಲ್ ಹೆಸರು ಹಾಕಿದ್ದು ತಪ್ಪು, ತೆಗೀತೀನಿ’ ಅನ್ಬೇಕು. ಅಂದ್ರೆ ಒಳಗೆ ಕರೀತಾಳೆ. ಇಲ್ದಿದ್ರೆ...” ಅವರು ಮಾತು ನುಂಗಿದರು. “ಸಂಜೆ ದಾಟೋದು ಕಷ್ಟ ಕಣಮ್ಮ.”

“ಅಜ್ಜಾ, ಅವನೇ ಒಪ್ಪಿಕೊಂಡಿದ್ದಾನೆ. ತಪ್ಪಲ್ಲದ್ದನ್ನ ತಪ್ಪು ಅಂತ ಹ್ಯಾಗೆ ಹೇಳ್ಲಿ? ನಾಳೆ ಬೇರೆಯವರ ಮಗ ಹೀಗೆ ಮಾಡಿದ್ರೆ ಯಾವ ಬಾಯಲ್ಲಿ ಕೇಳ್ಲಿ?”

“ನೋಡಿದ್ರಾ! ಸಾಯೋ ಅತ್ತೆಗಿಂತ ಗೋಡೆಗೆ ಹೊಡೆದ ಹಲಗೆ ದೊಡ್ಡದು ಇವಳಿಗೆ!” ಎಂದು ಡೆಲ್ಫೀನ್ ಎದೆ ಬಡಿದುಕೊಂಡಳು.

ಒಲೆಯ ಪಕ್ಕ ಕುಳಿತಿದ್ದ ಗಂಡ ಎತಿಯೆನ್ ಎದ್ದು ಬಂದ. ನಾಲ್ಕು ದಿನದಿಂದ ಗಡ್ಡ ಬೋಳಿಸಿರಲಿಲ್ಲ. “ಒಂದು ಮಾತು ಅಂದ್ಬಿಡು ವೆರೋನಿಕ್... ನಿನ್ನ ಕಾಲಿಗೆ ಬೀಳ್ತೀನಿ. ಅಮ್ಮನ್ನ ಹೀಗೆ ಕಳಿಸ್ಬೇಡ.”

“ಸುಳ್ಳು ಹೇಳು ಅಂತೀಯಾ?”

ಅವನು ಮುಖ ತಿರುಗಿಸಿದ. ಅಡಿಗೆಮನೆಯ ಮೂಲೆಯಲ್ಲಿ ನಿಂತಿದ್ದ ಪಿಯೆಲ್‌ನತ್ತ ಒಮ್ಮೆ ನೋಡಿದ. ಪಿಯೆಲ್ ಬೇಡವೆಂಬಂತೆ ಸಣ್ಣಗೆ ತಲೆಯಾಡಿಸಿದ. ಮರುಗಳಿಗೆ ಎತಿಯೆನ್ ತಂಗಿಯನ್ನು ಅಡಿಗೆಮನೆಯೊಳಗೆ ಸರಿಸಿ ಒಳಗೆ ನುಗ್ಗಿ, ತಾಯಿಯ ಮಂಚದ ಪಕ್ಕ ಕುಸಿದು ಕುಳಿತು, ಅಡಿಗೆಮನೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ.

“ಅಮ್ಮಾ, ನನ್ನ ಕ್ಷಮಿಸು... ಆ ಮೂಸನ್ನ ಹೊಡೆದವನು ಪಿಯೆಲ್ ಅಲ್ಲ. ನಾನು.”

ತೆರೆದ ಬಾಗಿಲಲ್ಲಿ ನಿಂತಿದ್ದ ವೆರೋನಿಕ್‌ಳಿಗೆ ಮಾತ್ರ ಅದು ಕೇಳಿಸಿತು.

“ಅವನ ಟ್ರಕ್ ತಗೊಂಡು ಹೋಗಿದ್ದೆ. ಮಂಜು ಕವಿದಿತ್ತು, ಮರಿ ಇರೋದು ಕಾಣ್ಲಿಲ್ಲ. ಹೊಡೆದ್ಮೇಲೆ ನೋಡ್ದೆ... ಕೈಕಾಲು ಆಡ್ಲಿಲ್ಲ ಅಮ್ಮಾ. ಸಿಕ್ಕಷ್ಟು ಕೊಯ್ಕೊಂಡು ಓಡಿ ಬಂದೆ. ನಾನೇ ಹೋಗಿ ಹೇಳ್ತೀನಿ ಅಂದ್ರೆ ಪಿಯೆಲ್ ಬಿಡ್ಲಿಲ್ಲ. ‘ನಿಯಮ ಬರೆದವಳ ಗಂಡನೇ ಮುರಿದ ಅಂದ್ರೆ ಆ ನಿಯಮ ಇವತ್ತೇ ಸಾಯ್ತದೆ. ಸರ್ಕಾರದವರು ಮತ್ತೆ ಬರ್ತಾರೆ. ನನ್ನ ಹೆಸರು ಹೋಗ್ಲಿ’ ಅಂದ... ನಾನು ಹೇಡಿ, ಸುಮ್ಮನಾದೆ.”

ಗೆಳೆಯ ಕೊಟ್ಟದ್ದು ಎಂದು ಅವನು ಮನೆಗೆ ತಂದ ಆ ತೊಡೆಮಾಂಸ! ಅದನ್ನು ತಾನೇ ಈರುಳ್ಳಿ ಹಾಕಿ ಬೇಯಿಸಿ, ಇಬ್ಬರು ಹೆಣ್ಣುಮಕ್ಕಳಿಗೆ ಬಡಿಸಿ, ತಾನೂ ಉಂಡದ್ದು ವೆರೋನಿಕ್‌ಳಿಗೆ ನೆನಪಾಯಿತು. ಮೈದುನನ ಹೆಸರಿಗೆ ಸಹಿ ಹಾಕಿ ಬಂದ ದಿನ, ಹಸಿವಿಲ್ಲವೆಂದು ಎದ್ದು ಹೋಗುತ್ತಿದ್ದವಳನ್ನು ಕೂರಿಸಿ, “ನ್ಯಾಯವಾಗಿ ನಡ್ಕೊಂಡಿದ್ದೀಯ, ಊಟ ಮಾಡು” ಎಂದವನು ಇದೇ ಗಂಡ!

ಫಿಲೊಮೀನ್ ಸೊಸೆಯನ್ನು ಬೆರಳೆತ್ತಿ ಕರೆದಳು. “ಬಾ ಒಳಗೆ. ಬಾಗಿಲು ಹಾಕು.”

ಐದು ವಾರದ ಮೇಲೆ ಮೊದಲ ಕರೆ! ವೆರೋನಿಕ್ ಬಾಗಿಲು ಹಾಕಿ ಹತ್ತಿರ ಹೋದಳು. ಹಿಂದೆಯೇ ಬಂದ ಪಿಯೆಲ್ ಗೋಡೆಗೊರಗಿ ನಿಂತ. “ಅತ್ತೆ,” ಎಂದಳು ವೆರೋನಿಕ್, “ನಾನು ತಪ್ಪು ಮನುಷ್ಯನ ಹೆಸರು ಹಾಕ್ದೆ. ಈಗ್ಲೇ ಹೊರಗೆ ಹೋಗಿ...”

“ಬಾಯ್ಮುಚ್ಚು!” ಮುದುಕಿ ಅವಳ ಮಣಿಕಟ್ಟು ಹಿಡಿದಳು. ಉಗುರು ಚರ್ಮಕ್ಕೆ ನೆಟ್ಟಿತು. “ಇನ್ನು ಒಂದು ಮಾತೂ ಆಡ್ಬೇಡ. ಹೆಸರು ಇದ್ದಲ್ಲೇ ಇರ್ಲಿ.”

“ಇಷ್ಟು ದಿನ ತೆಗಿ ತೆಗಿ ಅಂದ್ರಲ್ಲ!”

“ಆಗ ಬೇರೆ. ಪಿಯೆಲ್‌ಗೆ ಹೆಂಡತೀನಾ ಮಕ್ಕಳಾ? ಮೂರು ವರ್ಷ ತಡ್ಕೋತಾನೆ. ಎತಿಯೆನ್ ಹೆಸರು ಬಂದ್ರೆ ನನ್ನ ಮೊಮ್ಮಕ್ಕಳು ಶಾಲೆಗೆ ಹ್ಯಾಗೆ ಹೋಗ್ತವೆ? ನಿನ್ನ ಕುರ್ಚಿ ಉಳಿಯತ್ತಾ? ಸುಮ್ನಿರು. ಸುಮ್ನಿದ್ರೆ ಈ ಗಳಿಗೆ ಕ್ಷಮಿಸ್ತೀನಿ, ಎಲ್ಲರೂ ಕೇಳೋ ಹಾಗೆ ಕೂಗಿ ಹೇಳ್ತೀನಿ. ಬಾಯಿ ಬಿಟ್ಯೋ... ನಿನ್ನ ಮೇಲಿನ ಸಿಟ್ಟು ಎದೆಗೆ ಕಟ್ಕೊಂಡೇ ಮಣ್ಣಿಗೆ ಹೋಗ್ತೀನಿ!”

“ಬಿಡಿ ಅತ್ತಿಗೆ,” ಪಿಯೆಲ್ ಮೆತ್ತಗೆ ಹೇಳಿದ. “ನಂಗೆ ಬೇಜಾರಿಲ್ಲ. ಗಾಳ ಹಾಕ್ಕೊಂಡಿರ್ತೀನಿ. ಮೀನಿಗೆ ನಿಮ್ಮ ಹಲಗೆ ಓದೋಕೆ ಬರಲ್ಲ.”

ಅವನು ನಕ್ಕ. ಆ ನಗುವನ್ನು ವೆರೋನಿಕ್‌ಳಿಗೆ ನೋಡಲಾಗಲಿಲ್ಲ. ಮಾಂಸ ಕೊಟ್ಟು ಬರುತ್ತಿದ್ದ ಮನೆಗಳ ಮುಂದೆ ಈಗ ಅವನು ತಲೆ ತಗ್ಗಿಸಿ ಹಾದು ಹೋಗುವುದನ್ನು ಅವಳು ಕಂಡಿದ್ದಳು. ಇನ್ನೂ ಮೂರು ವರ್ಷ! ತಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗಂಡನ ಮಾನ ಉಳಿಯುತ್ತದೆ, ಮಕ್ಕಳ ಮುಖ ಉಳಿಯುತ್ತದೆ, ಅತ್ತೆಯ ಕ್ಷಮೆಯೂ ಸಿಗುತ್ತದೆ. ಒಂದೇ ಒಂದು ಮೌನ... ಅಯ್ಯೋ ದೇವರೇ, ಇಷ್ಟು ಸುಲಭವಾಗಿ ಯಾಕೆ ಇಟ್ಟೆ ಇದನ್ನು ನನ್ನ ಕೈಗೆ! ಅವಳು ನೆಲದ ಮೇಲಿದ್ದ ಗಂಡನನ್ನು ನೋಡಿದಳು. ಅವನು ಮುಖ ಎತ್ತಲಿಲ್ಲ. ಹೇಳು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಅವಳು ಅಡಿಗೆಮನೆಗೆ ಬಂದಳು. ಎಲ್ಲರ ಕಣ್ಣೂ ಅವಳ ಮೇಲೆ.

“ಪಿಯೆಲ್ ಆ ಮೂಸ್ ಹೊಡೆದಿಲ್ಲ. ನನ್ನ ಗಂಡ ಹೊಡೆದದ್ದು. ಸರಿಯಾಗಿ ವಿಚಾರಿಸದೆ ತಪ್ಪು ಹೆಸರು ಹಾಕಿದವಳು ನಾನು. ಪಿಯೆಲ್ ಹೆಸರು ಇವತ್ತೇ ತೆಗೀತೀನಿ. ಅಲ್ಲಿ ಎತಿಯೆನ್ ಹೆಸರು ಬರತ್ತೆ.” “ಅದರ ಕೆಳಗೆ ನನ್ನದು. ಆ ಮಾಂಸ ನಾನೂ ತಿಂದಿದ್ದೀನಿ. ನಾನು ಈ ಕೆಲಸದಲ್ಲಿ ಇರ್ಬೇಕೋ ಬೇಡ್ವೋ ನೀವೇ ಸಭೆ ಸೇರಿ ಹೇಳಿ.”

“ಕಟ್ಕೊಂಡ ಗಂಡನ್ನೇ ನುಂಗಿದ್ಯಲ್ಲೇ, ರಾಕ್ಷಸಿ!” ಡೆಲ್ಫೀನ್ ಕಿರುಚಿದಳು. ಯಾರೂ ಅವಳನ್ನು ತಡೆಯಲಿಲ್ಲ. ಯಾರೂ ವೆರೋನಿಕ್‌ಳ ಪರವಾಗಿ ಮಾತಾಡಲೂ ಇಲ್ಲ. “ಗಂಡ ಮನೆಗೆ ತಂದದ್ದೇನು ಅಂತ ಗೊತ್ತಿಲ್ದೋಳು ಊರು ಆಳ್ತಾಳಂತೆ,” ಎಂದಿತು ಒಲೆಯ ಕಡೆಯ ಒಂದು ದನಿ. ಪಿಯೆಲ್ ಮಾಂಸ ಕೊಡುತ್ತಿದ್ದ ಒಬ್ಬ ಮುದುಕಿ ಮಾತ್ರ ಎದ್ದು, ಒಳಗಿನಿಂದ ಬಂದ ಅವನ ತಲೆ ಸವರಿ ಮತ್ತೆ ಕುಳಿತಳು.

ವೆರೋನಿಕ್ ತಿರುಗಿ ಕೋಣೆಗೆ ಹೋದಳು. ಮುದುಕಿ ಗೋಡೆಯ ಕಡೆ ಹೊರಳಿದ್ದಳು.

“ಹೇಳಿಬಿಟ್ಯಾ?”

“ಹೇಳ್ದೆ ಅತ್ತೆ.” ಅವಳು ಮಂಡಿಯೂರಿದಳು. ಇಷ್ಟು ದಿನ ಕಾರಣಗಳನ್ನು ಹೇಳಿದ್ದಳೇ ಹೊರತು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. “ನಿಮ್ಮ ಇಬ್ಬರು ಗಂಡುಮಕ್ಕಳನ್ನೂ ನೋಯಿಸ್ದೆ. ನನ್ನ ಕ್ಷಮಿಸಿ.”

“ಇಲ್ಲ.”

ಎತಿಯೆನ್ ಬಿಕ್ಕುತ್ತಿದ್ದ. ಫಿಲೊಮೀನ್ ಕಷ್ಟಪಟ್ಟು ಈ ಕಡೆ ಹೊರಳಿದಳು. ಗುಳಿಬಿದ್ದ ಕಣ್ಣುಗಳಲ್ಲಿ ಈಗ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

“ನಿಂಗೆ ನನ್ನ ಕ್ಷಮೆ ಇಲ್ಲ. ಕೊಡೋಕೆ ಮನಸ್ಸು ಬರ್ತಿಲ್ಲ, ಏನ್ಮಾಡ್ಲಿ... ಆದ್ರೆ ನಂಗೆ ನಿನ್ನದು ಬೇಕು. ಒಬ್ಬ ಮಗನ್ನ ಉಳಿಸೋಕೆ ಇನ್ನೊಬ್ಬನ್ನ ಕೊಡೋಕೆ ಹೊರಟಿದ್ದೆನಲ್ಲೇ... ಹೆತ್ತವಳು ನಾನು! ನಿನ್ನ ಬಾಯಿಂದ ಕೇಳ್ದೆ ಹ್ಯಾಗೆ ಹೋಗ್ಲಿ? ಕೊಡ್ತೀಯಾ?”

ಕೊಡದಿದ್ದರೆ? ಆ ಯೋಚನೆ ವೆರೋನಿಕ್‌ಳ ಮನಸ್ಸಿಗೆ ಬರಲಿಲ್ಲವೆಂದಲ್ಲ. ಬಂತು. ಅತ್ತೆಯ ಹದಿನೆಂಟು ವರ್ಷದ ಚುಚ್ಚುಮಾತುಗಳೂ ಅದರೊಂದಿಗೆ ಸಾಲುಗಟ್ಟಿ ಬಂದವು. ಆ ಹಳೆಯ ಸಿಟ್ಟು ಇಳಿಯುವವರೆಗೆ ಅವಳು ಕಣ್ಣು ಮುಚ್ಚಿ ಕುಳಿತಳು. ಆಮೇಲೆ ಆ ತಣ್ಣನೆಯ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು.

“ಕ್ಷಮಿಸಿದೆ ಅತ್ತೆ. ಎಲ್ಲಾನೂ.”

ಫಿಲೊಮೀನ್ ತಲೆಯಾಡಿಸಿದಳು. ತುಟಿ ಒಮ್ಮೆ ಅಲುಗಿತು... ವೆರೋನಿಕ್ ಬಾಗಿ ಕಿವಿಗೊಟ್ಟಳು. ಮಾತು ಬರಲೇ ಇಲ್ಲ. ಕಿಟಕಿಯಾಚೆ ಸರೋವರದ ನೀರಿನ ಮೇಲೆ ಇನ್ನೂ ಬಿಸಿಲಿರುವಾಗಲೇ ಉಸಿರು ನಿಂತಿತು.

ಗಂಡ ತಾಯಿಯ ಕಾಲು ಹಿಡಿದು ಗೋಳಿಟ್ಟ. ವೆರೋನಿಕ್ ಅತ್ತೆಯ ಕಣ್ಣು ಮುಚ್ಚಿ, ಹಣೆಯ ಮೇಲಿನ ಕೂದಲು ಸರಿಸಿ, ಹೊದೆಸಿದ್ದ ಹಳೆಯ ಶಾಲನ್ನು ಎದೆಯವರೆಗೆ ಎಳೆದು ಹೊರಗೆ ಬಂದಳು. ಜನ ಎದ್ದು ನಿಂತರು. ಟೋಪಿ ತೆಗೆದು ಹಿಡಿದಿದ್ದ ಇಸಿಡೋರ್ ಹತ್ತಿರ ಬಂದರು.

“ಕೊನೆಗೂ ಕ್ಷಮಿಸಿದ್ಲಾ ಮಗಳೇ?”

ಹೌದು ಎಂದಿದ್ದರೆ ಊರು ನಂಬುತ್ತಿತ್ತು.

“ಇಲ್ಲ ಅಜ್ಜ,” ಎಂದಳು ವೆರೋನಿಕ್. “ನಾನು ಕ್ಷಮಿಸಿದೆ. ಅವರ ಮೇಲೆ ಭಾರ ಇಲ್ಲ. ಬನ್ನಿ, ಪ್ರಾರ್ಥನೆ ಶುರು ಮಾಡಿ.”