ಹನ್ನೆರಡನೇ ಮ್ಯಾಚಿನ ಗೋಲು

"ಅಜ್ಜಿ, ನಾನಿವತ್ತು ಆ ಕಡೆ ಕೂತ್ಕೋತೀನಿ."

ಅಜ್ಜಿಯ ಹೊಲಿಗೆ ಮೆಷಿನ್ ಗಕ್ಕನೆ ನಿಂತಿತು. ಯಾರದೋ ಪ್ಯಾಂಟಿನ ಒಂದು ಕಾಲು ಅರ್ಧ ಹೊಲಿದು ಹಾಗೇ ಉಳಿಯಿತು.

"ಆ ಕಡೆ ಅಂದ್ರೆ?"

"ಕೆಂಪು ಟೀಮಿನವರ ಕಡೆ," ಎಂದ ಚೂಟಿ ಉಳಿದದ್ದನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. "ನಮ್ಮ ಕ್ಲಾಸಲ್ಲಿ ಎಲ್ರೂ ಕೆಂಪು. ಹಸಿರು ಅಂತ ಇರೋದು ನಾನೊಬ್ಳೇ. ಪ್ರತಿ ಸೋಮವಾರ ನನ್ನ ಡೆಸ್ಕ್ ಮೇಲೆ ಚಾಕ್‌ಪೀಸಲ್ಲಿ ದೊಡ್ಡ ಸೊನ್ನೆ ಬರೆದಿರ್ತಾರೆ. ಈ ವರ್ಷ ಹನ್ನೊಂದು ಮ್ಯಾಚಾಯ್ತು. ಒಂದು ಗೋಲಾದ್ರೂ ಹೊಡೆದಿದ್ದಾರಾ ನಿನ್ನ ಟೀಮಿನವ್ರು?"

ಅಜ್ಜಿ ಯೋಚಿಸಿದರು. "ಎಂಟನೇ ಮ್ಯಾಚಲ್ಲಿ ಒಂದು ಹೊಡೆದ್ರಲ್ಲ."

"ಅದು ಅವರ ಗೋಲಿಗೇ ಅವರು ಹೊಡ್ಕೊಂಡಿದ್ದು!"

"ಹೊಡೆದಿದ್ದೇನೋ ಚೆನ್ನಾಗಿತ್ತು," ಎಂದರು ಅಜ್ಜಿ.

ಅಜ್ಜಿ ಒಂಬತ್ತು ವರ್ಷದವರಿದ್ದಾಗಿನಿಂದ ಹಸಿರು ಫುಟ್‌ಬಾಲ್ ಟೀಮಿನ ಫ್ಯಾನ್. ಅಂದರೆ ಐವತ್ತೆರಡು ವರ್ಷ. ಅಷ್ಟರಲ್ಲಿ ಹಸಿರಿನವರು ಕಪ್ ಗೆದ್ದದ್ದು ಒಂದೇ ಸಲ. ಫೈನಲ್ ದಿನ ಎದುರಾಳಿಗಳ ಬಸ್ಸು ಕೆಟ್ಟು ನಿಂತು, ಅವರು ಬಂದೇ ಇರಲಿಲ್ಲ. ಆ ಕಪ್ಪಿನ ಫೋಟೋ ಅಜ್ಜಿಯ ಹೊಲಿಗೆ ಅಂಗಡಿಯ ಗೋಡೆ ಮೇಲಿದೆ. ಗಿರಾಕಿಗಳು ಕೇಳಿದರೆ ಅಜ್ಜಿ ಬಸ್ಸಿನ ವಿಷಯ ಎತ್ತುವುದಿಲ್ಲ.

ಬೈದಿದ್ದರೆ ಚೂಟಿಗೆ ಸುಲಭವಾಗುತ್ತಿತ್ತು. ಜಗಳ ಆಡಿಕೊಂಡು ಹೋಗಬಹುದಿತ್ತು. ಆದರೆ ಅಜ್ಜಿ, "ಹೋಗು. ಆ ಕಡೆ ನೆರಳಿರುತ್ತೆ," ಎಂದಷ್ಟೇ ಹೇಳಿ ಮತ್ತೆ ಮೆಷಿನ್ ತುಳಿಯತೊಡಗಿದರು.

ಮೈದಾನದಲ್ಲಿ ಆ ಕಡೆ ನಿಜವಾಗಿಯೂ ನೆರಳಿತ್ತು. ಡೋಲು ಇತ್ತು, ಬಾವುಟಗಳಿದ್ದವು. ಡೆಸ್ಕಿನಲ್ಲಿ ಅವಳ ಪಕ್ಕ ಕೂರುವ ಗೆಳತಿ ಒಂದು ಕೆಂಪು ಸ್ಕಾರ್ಫ್ ತಂದು ಚೂಟಿಯ ಕೊರಳಿಗೆ ಸುತ್ತಿದಳು. "ಈಗ ನೀನು ನಮ್ಮವಳು!"

ಕೆಂಪಿನವರು ಮೊದಲ ಗೋಲು ಹೊಡೆದರು. ಎಲ್ಲರೂ ನೆಗೆದರು. ಚೂಟಿಯೂ ನೆಗೆದಳು, ಸ್ವಲ್ಪ ತಡವಾಗಿ. ಎರಡನೆಯದಕ್ಕೆ ಇನ್ನೂ ತಡವಾಯಿತು. ಮೂರನೆಯದಕ್ಕೆ ಶೂ ಲೇಸ್ ಕಟ್ಟಿಕೊಂಡಳು. ಲೇಸ್ ಬಿಚ್ಚಿರಲಿಲ್ಲ.

ಮೈದಾನದ ಆಚೆ ಹಸಿರಿನವರ ಸಾಲುಗಳಲ್ಲಿ ಮೂವತ್ತು ಜನ ಇದ್ದರೆ ಹೆಚ್ಚು. ಅಜ್ಜಿ ಹೆಬ್ಬೆರಳಷ್ಟು ಕಾಣುತ್ತಿದ್ದರು. ಅವರ ಪಕ್ಕದ ಸೀಟಿನಲ್ಲಿ ಅವರ ಚೀಲ ಇತ್ತು. ಚೂಟಿ ಬರುವುದು ತಡವಾದಾಗಲೆಲ್ಲ ಅವಳ ಜಾಗ ಹಿಡಿಯಲು ಅಜ್ಜಿ ಇಡುತ್ತಿದ್ದದ್ದು ಆ ಚೀಲವನ್ನೇ. ಸುತ್ತ ನೂರು ಸೀಟು ಖಾಲಿ ಇದ್ದವು.

ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಹಸಿರಿನವರಿಗೆ ಒಂದು ಕಾರ್ನರ್ ಸಿಕ್ಕಿತು. ಅವರ ಡಿಫೆಂಡರ್ ಒಬ್ಬನಿದ್ದಾನೆ, ತೆಂಗಿನಮರದಷ್ಟು ಉದ್ದ. ಅವನನ್ನು ಎಲ್ಲರೂ ಏಣಿ ಎನ್ನುತ್ತಾರೆ. ಏಣಿ ನೆಗೆಯಲು ಹೋಗಿ ಜಾರಿದ. ಅವನು ಬೀಳುತ್ತಿರುವಾಗ ಬಾಲ್ ಬಂದು ಅವನ ಬೆನ್ನಿಗೆ ಬಡಿದು, ಗೋಲ್‌ಕೀಪರನ ಕಾಲ ಸಂದಿಯಲ್ಲಿ ನುಸುಳಿ, ಬಲೆ ಸೇರಿತು.

"ಗೋ...ಲ್!"

ಅಷ್ಟು ಜೋರಾಗಿ ಕೂಗಿದ್ದು ಯಾರು ಎಂದು ಚೂಟಿ ತಿರುಗಿ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಸೀಟಿನ ಮೇಲೆ ನಿಂತಿದ್ದಳು. ಎರಡೂ ಕೈ ಮೇಲಿದ್ದವು. ಡೋಲಿನವನೂ ಬಾರಿಸುವುದನ್ನು ನಿಲ್ಲಿಸಿದ್ದ.

"ಏಯ್, ನೀನು ಯಾರ ಕಡೆ?" ಎಂದಳು ಗೆಳತಿ.

ಚೂಟಿ ಕೆಳಗಿಳಿದಳು. ಸ್ಕಾರ್ಫ್ ಬಿಚ್ಚಿ, ನೀಟಾಗಿ ಮಡಚಿ ಗೆಳತಿಯ ಕೈಗಿಟ್ಟಳು. "ಥ್ಯಾಂಕ್ಸ್. ಸೋಮವಾರ ಸಿಗ್ತೀನಿ," ಎಂದು ಹೇಳಿ ಅರ್ಧ ಮೈದಾನ ಸುತ್ತಿಕೊಂಡು ಓಡಿದಳು.

ಅಜ್ಜಿ ಅವಳನ್ನು ನೋಡಿ ಚೀಲ ತೆಗೆದು ಮಡಿಲಿಗಿಟ್ಟುಕೊಂಡರು.

"ಅಜ್ಜಿ, ನೋಡಿದ್ಯಾ? ಹೇಗಿತ್ತು?"

"ಏನು ಹೇಗಿತ್ತು?"

"ಗೋಲು!"

ಅಜ್ಜಿಯ ಮುಖ ಸಣ್ಣಗಾಯಿತು. "ಕನ್ನಡಕ ಒರೆಸ್ತಾ ಇದ್ದೆ ಕಣೇ. ಹಾಕ್ಕೊಂಡು ನೋಡಿದ್ರೆ ನಮ್ಮ ಹೆಸರಿನ ಮುಂದೆ ಒಂದು ಅಂತಿತ್ತು. ಸ್ಕೋರ್‌ಬೋರ್ಡ್ ಕೆಟ್ಟಿರ್ಬೇಕು ಅಂದ್ಕೊಂಡೆ."

ಹನ್ನೊಂದು ಮ್ಯಾಚ್ ಕಾದವರಿಗೆ ಹೀಗಾಗಬಾರದಿತ್ತು. ಚೂಟಿ ಅವರಿಗೆ ಒತ್ತಿಕೊಂಡು ಕೂತಳು.

"ಯಾರು ಹೊಡೆದ್ರು? ಯಾವ ಕಾಲಲ್ಲಿ? ನಿಧಾನಕ್ಕೆ ಹೇಳು, ಮೊದಲಿಂದ."

"ನಮ್ಮವರಿಗೆ ಕಾರ್ನರ್ ಸಿಕ್ತಾ..." ಎಂದು ಶುರು ಮಾಡಿದ ಚೂಟಿ ಗಕ್ಕನೆ ಮಾತು ನಿಲ್ಲಿಸಿದಳು. ತಾನು ‘ನಮ್ಮವರು’ ಎಂದದ್ದು ಅವಳಿಗೇ ಕೇಳಿಸಿತ್ತು.

"ಹೂಂ, ಸಿಕ್ತು. ಆಮೇಲೆ?" ಎಂದರು ಅಜ್ಜಿ.

ಚೂಟಿ ಮುಂದುವರಿಸಿದಳು. ಅವಳ ಕಥೆಯಲ್ಲಿ ಏಣಿ ಜಾರುವ ಹೊತ್ತಿಗೆ ಸರಿಯಾಗಿ ಕೆಂಪಿನವರು ನಾಲ್ಕನೆಯದನ್ನು ಹೊಡೆದರು. ಇಬ್ಬರೂ ಆ ಕಡೆ ನೋಡಲಿಲ್ಲ.