ಕುರುತ್‌ಗೊಂದು ಚೀಲ ವಾಸನೆ

"ನೋಡ್ರೇ, ಕುಡುಕನ ಅಪ್ಪ ಬಂದ!"

ಎಲ್ಲರೂ ಏಜೆ, ಅಂದರೆ ಅಕ್ಕ, ಅಂತ ಕರೆಯುವ ರೈಕಾನ್ ಕೂಗಿದ್ದೇ ತಡ, ಬಿಲ್ಡಿಂಗಿನ ಮುಂದಿನ ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಫುಟ್‌ಬಾಲ್ ಆಡುತ್ತಿದ್ದ ಹುಡುಗರು ಆಟ ನಿಲ್ಲಿಸಿ ನಕ್ಕರು. ಏನೂ ಅರ್ಥವಾಗದ ಒಂದು ಪುಟ್ಟ ಮಗು, ಎಲ್ಲರೂ ನಗುತ್ತಿದ್ದಾರಲ್ಲ ಅಂತ ತಾನೂ ನಕ್ಕಿತು.

ಎರ್ಮೆಕ್‌ನ ಕಿವಿ ಕೆಂಪಾಯಿತು. ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಪಾರಿವಾಳದ ಗರಿ, ಮರದ ತೊಗಟೆ, ಒಂದಿಷ್ಟು ಒದ್ದೆ ಎಲೆ.

"ಬೆಕ್ಕಿಗೆ ಹೆಂಡ ಕುಡಿಸಿದ್ದಾಯ್ತು, ಈಗ ಕಸ ತಿನ್ನಿಸ್ತೀಯೇನೋ?"

"ತಿನ್ನೋಕಲ್ಲ ಏಜೆ, ಮೂಸೋಕೆ."

ಹಾಗೆ ಹೇಳಿದ್ದೇ ತಪ್ಪಾಯಿತು. "ಮೂಸೋಕಂತೆ!" ಎಂದು ಹುಡುಗರು ಮೂಗು ಹಿಡಿದುಕೊಂಡು ಕುಣಿದರು.

ಈ ಬೆಂಚು ಸಾಮಾನ್ಯದ್ದಲ್ಲ. ಬಿಷ್ಕೆಕ್‌ನ ಯಾವ ಯೂನಿವರ್ಸಿಟಿಗೂ ಕಡಿಮೆಯಿಲ್ಲ. ಬೆಳಿಗ್ಗೆ ಚಹಾ ಕುಡಿದು ಬಂದು ಕೂತರೆ ಸಂಜೆಯವರೆಗೆ ಪಾಠ. ಮಕ್ಕಳನ್ನು ಹೇಗೆ ಬೆಳೆಸಬೇಕು, ದೇಶವನ್ನು ಹೇಗೆ ನಡೆಸಬೇಕು, ಎಲ್ಲ ಗೊತ್ತು. ಕೆಟ್ಟು ನಿಂತ ಲಿಫ್ಟನ್ನು ರಿಪೇರಿ ಮಾಡಿಸುವುದೊಂದು ಮಾತ್ರ ಗೊತ್ತಿಲ್ಲ. ಕುರುತ್ ಕುಡುಕನಾದದ್ದೂ ಈ ಬೆಂಚಿನ ಬುದ್ಧಿವಂತಿಕೆಯಿಂದಲೇ.

ಕುರುತ್ ಎರ್ಮೆಕ್‌ನ ಬೆಕ್ಕು. ಒಣಗಿಸಿದ ಮೊಸರುಂಡೆಯ ಹಾಗೆ ಬೆಳ್ಳಗೆ, ಗುಂಡಗೆ ಇದ್ದದ್ದಕ್ಕೆ ಆ ಹೆಸರು. ಕಣ್ಣು ಬಿಟ್ಟಾಗಿನಿಂದ ಎಂಟನೇ ಮಹಡಿಯ ಮನೆಯಲ್ಲೇ ಬೆಳೆದದ್ದು. ಮಣ್ಣು ಹೇಗಿರುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ಈ ಚಳಿಗಾಲದ ಕೊನೆಗೆ ಅದಕ್ಕೆ ಏನೋ ಆಯಿತು. ಬಾಗಿಲ ಮುಂದೆ ಕೂತು ಅಳುವುದು, ಪರದೆ ಹರಿಯುವುದು. ಕೊನೆಗೊಂದು ದಿನ ಅಪಾ, ಅಂದರೆ ಅವನ ಅಮ್ಮ, ಹೊಲಿಯಲು ಕತ್ತರಿಸಿಟ್ಟಿದ್ದ ಬಟ್ಟೆಯ ಗಂಟಿನ ಮೇಲೇ ಉಚ್ಚೆ ಹೊಯ್ದುಬಿಟ್ಟಿತು.

ಅಪಾ ಹೊಲಿಗೆ ಮಷೀನು ನಿಲ್ಲಿಸಿದಳು.

"ನಾನು ಅಂಗಿ ಹೊಲೀಲೋ, ಬೆಕ್ಕಿನ ಉಚ್ಚೆ ತೊಳೀಲೋ? ಬರೋ ಭಾನುವಾರ ನಿನ್ನ ಚಿಕ್ಕಪ್ಪ ಬರ್ತಾನೆ. ಇದು ಅವನ ಜೊತೆ ಗೋಡೌನ್‌ಗೆ ಹೋಗ್ಲಿ. ಇಲಿ ಹಿಡ್ಕೊಂಡು ಬಿದ್ದಿರ್ಲಿ."

"ಅಪಾ, ಅಲ್ಲಿ ನಾಯಿಗಳಿವೆ!"

"ಇರ್ಲಿ. ನಾಯಿಗಳು ನನ್ನ ಬಟ್ಟೆ ಹಾಳು ಮಾಡಲ್ಲ."

ಚಿಕ್ಕಪ್ಪ ಕೆಲಸ ಮಾಡುವ ಈರುಳ್ಳಿ ಗೋಡೌನನ್ನು ಎರ್ಮೆಕ್ ನೋಡಿದ್ದ. ಅಲ್ಲಿನ ನಾಯಿಗಳು ಕರುಗಳಷ್ಟು ದೊಡ್ಡವು. ಮಣ್ಣನ್ನೇ ಮುಟ್ಟದ ಬೆಕ್ಕು ಅಲ್ಲಿ ಎಲ್ಲಿಗೆ ಓಡಬೇಕು?

ಆಗ ಬೆಂಚಿನಿಂದ ರೈಕಾನ್ ಏಜೆಯ ಸಲಹೆ ಬಂತು. "ವಲೆರ್ಯಾಂಕ ಮೂಸಿಸೋ. ಬೆಕ್ಕುಗಳಿಗೆ ಆ ವಾಸನೆ ಅಂದ್ರೆ ಪ್ರಾಣ. ತೆಪ್ಪಗಾಗುತ್ತೆ."

ವಲೆರ್ಯಾಂಕ ಅಂದರೆ ಎದೆ ಡವಡವ ಅಂದಾಗ ಅಜ್ಜಿಯಂದಿರು ನೀರಿಗೆ ಬೆರೆಸಿ ಕುಡಿಯುವ ಹನಿ. ಅದು ಇಲ್ಲದ ಮನೆ ನಮ್ಮೂರಲ್ಲಿಲ್ಲ. ಒಂದು ಹನಿಯಿಂದಲೇ ಒಳ್ಳೆಯದಾಗುವುದಾದರೆ ಇಡೀ ಬಾಟಲಿಯಿಂದ ಎಷ್ಟು ಒಳ್ಳೆಯದಾಗಬಹುದು ಅಂತ ಎರ್ಮೆಕ್ ಲೆಕ್ಕ ಹಾಕಿದ. ಬಾಟಲಿ ಪೂರ್ತಿ ಕಾರ್ಪೆಟ್ಟಿಗೆ ಸುರಿದ.

ಕುರುತ್ ಮೂಸಿತು, ನೆಕ್ಕಿತು, ಉರುಳಾಡಿತು, ಜೊಲ್ಲು ಸುರಿಸಿತು. ಪರದೆ ಹತ್ತಿ ಟೇಬಲ್ ಮೇಲೆ ಬಿದ್ದು ಚಹಾ ಬಟ್ಟಲು ಒಡೆಯಿತು. ವಾಸನೆ ಕೆಳಗಿಳಿಯಿತೋ ಏನೋ, ಬೀದಿಯ ಗಂಡುಬೆಕ್ಕುಗಳೆಲ್ಲ ಮೆಟ್ಟಿಲು ಹತ್ತಿ ಬಂದು ಬಾಗಿಲ ಹೊರಗೆ ಸಂಗೀತ ಕಚೇರಿ ಶುರು ಮಾಡಿದವು. ಬಿಲ್ಡಿಂಗಿನವರೆಲ್ಲ ನೋಡಲು ಬಂದರು. ಎಲ್ಲರಿಗಿಂತ ಮುಂದೆ ನಿಂತು ನಕ್ಕವಳು ರೈಕಾನ್ ಏಜೆ. ಸಲಹೆ ಯಾರದು ಅಂತ ಅವಳಿಗೆ ನೆನಪೇ ಇರಲಿಲ್ಲ.

ಎರ್ಮೆಕ್ ಹೆದರಿ ಬೆಕ್ಕನ್ನು ಅವುಚಿಕೊಂಡು ಪ್ರಾಣಿ ಆಸ್ಪತ್ರೆಗೆ ಓಡಿದ. ಡಾಕ್ಟರ್ ಹೊಸಬಳು.

"ವಲೆರ್ಯಾಂಕದಲ್ಲಿ ಸ್ಪಿರಿಟ್ ಇರುತ್ತೆ ಕಣೋ. ಇನ್ನೊಮ್ಮೆ ಹತ್ರ ತಂದೀಯಾ ಜೋಕೆ!" ಎಂದು ಮೊದಲು ಬೈದಳು. ಬೆಕ್ಕನ್ನು ಚೆನ್ನಾಗಿ ನೋಡಿ, "ರೋಗ ಗೀಗ ಏನಿಲ್ಲ. ಇದಕ್ಕೆ ಬೇಜಾರು. ಮನೇಲಿ ದಿನಾ ಅದೇ ಸೋಪು, ಅದೇ ಸಾರು. ಹೊರಗಿನ ವಾಸನೆ ಸ್ವಲ್ಪ ಸ್ವಲ್ಪ ಒಳಗೆ ತಂದಿಡು. ಒಂದ್ಸಲಕ್ಕೆ ಒಂದೇ. ಇಷ್ಟವಾಗದಿದ್ರೆ ಬಲವಂತ ಮಾಡ್ಬೇಡ," ಅಂದಳು.

ಆವತ್ತಿನಿಂದಲೇ ಈ ಚೀಲ.

ಗರಿಯನ್ನು ಶೂ ಡಬ್ಬಕ್ಕೆ ಹಾಕಿ ಇಟ್ಟಾಗ ಕುರುತ್ ದೂರದಿಂದ ನೋಡಿತು. ಹತ್ತಿರ ಬಂತು. ಮೂಗು ತೂರಿಸಿತು. ಮೀಸೆ ಮುಂದಕ್ಕೆ ಬಂದವು. ಊಟ ಮರೆತು ಬಹಳ ಹೊತ್ತು ಅದರ ಜೊತೆಗೇ ಇತ್ತು. ತೊಗಟೆಯನ್ನು ಕೆರೆಯಿತು. ಎಲೆಯ ಮೇಲೆ ಮಲಗಿತು. ಗುಡ್ಡದ ಕಹಿ ಗಿಡ ತಂದಾಗ ಮಾತ್ರ ಸೀನಿ, ಬಾಲ ಎತ್ತಿಕೊಂಡು ಹೋಗಿಬಿಟ್ಟಿತು. ಬಾಗಿಲ ಮುಂದೆ ಅಳುವುದು ಕಮ್ಮಿಯಾಯಿತು.

ಅಪಾ ಮಾತ್ರ "ಭಾನುವಾರ" ಎಂದಷ್ಟೇ ಆಗಾಗ ನೆನಪಿಸಿದಳು.

ಶನಿವಾರ ಎರ್ಮೆಕ್ ಪಾರ್ಕಿಗೆ ಹೋದ. ಅಲ್ಲೊಬ್ಬ ಮಕ್ಕಳನ್ನು ಕುದುರೆ ಮೇಲೆ ಕೂರಿಸಿ ಫೋಟೋ ತೆಗೆಯುತ್ತಾನೆ. ಆ ಕುದುರೆಯ ಕೊರಳಿಗೆ ಪ್ಲಾಸ್ಟಿಕ್ ಹೂವು, ಕಾಲ ಕೆಳಗೆ ಕಡಲೆಕಾಯಿ ಸಿಪ್ಪೆ. ಕುದುರೆಗಳ ನಾಡು ಅಂತ ನಾವು ಹೆಮ್ಮೆಪಡುವುದು ಇದಕ್ಕೇ ಇರಬೇಕು.

"ಅಣ್ಣಾ, ಜೀನಿನ ಕೆಳಗೆ ಹಾಕೋ ಹಳೇ ಬಟ್ಟೆ ಇದ್ರೆ ಕೊಡ್ತೀರಾ?"

"ಯಾಕೋ?"

"ಬೆಕ್ಕಿಗೆ ಮೂಸೋಕೆ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾದ ಮೇಲೆ, "ಕುದುರೆ ಮೈ ಉಜ್ಜು, ಕೊಡ್ತೀನಿ," ಅಂದ. ಎರ್ಮೆಕ್ ಉಜ್ಜಿದ. ಕುದುರೆಯ ಬೆವರು ಹೀರಿ ಗಟ್ಟಿಯಾಗಿದ್ದ ಒಂದು ಉಣ್ಣೆಯ ಹಾಸು ಸಿಕ್ಕಿತು.

ಮನೆಗೆ ಬಂದಾಗ ಕಿಟಕಿ ಹತ್ತಿರ ಕೂತಿದ್ದ ಅಜ್ಜಿ ಎಂದಿನಂತೆ ಅವನ ತಲೆ ಹಿಡಿದು ಹಣೆ ಮೂಸಿದಳು. ಮುತ್ತು ಕೊಡುವುದು ಸಿನಿಮಾದವರ ಕೆಲಸ, ನಮ್ಮ ಅಜ್ಜಿಯರು ಮೂಸುತ್ತಾರೆ. ಬೆಟ್ಟದ ಹುಲ್ಲುಗಾವಲು ಬಿಟ್ಟು ಈ ಮನೆಗೆ ಬಂದಾಗಿನಿಂದ ಅವಳು ದಿನಾ ಅವನನ್ನು ಮೂಸಿ, "ಸೋಪು" ಅಂತ ಕೈಬಿಡುತ್ತಿದ್ದಳು. ಬೇರೆಯವರು "ಜ್ವರ" ಅನ್ನುವ ಹಾಗೆ.

ಈ ಸಲ ಕೈಬಿಡಲಿಲ್ಲ. ಇನ್ನೊಮ್ಮೆ ಮೂಸಿದಳು.

"ಕುದುರೆ," ಅಂದಳು.

"ಹೂಂ, ಚೋನ್‌ಅಪಾ. ಬಿಡಜ್ಜೀ, ಕುತ್ತಿಗೆ ನೋಯ್ತಿದೆ!"

"ಅಯ್ಯೋ, ಲಾಯ ಮಾಡಿಬಿಟ್ಯಲ್ಲೋ ಮನೇನ! ಹೋಗೋ ಸ್ನಾನಕ್ಕೆ!" ಅಡುಗೆಮನೆಯಿಂದ ಅಪಾ ಕಿರುಚಿದಳು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಡಬ್ಬ ಖಾಲಿ. ಹಾಸೂ ಇಲ್ಲ, ಬೆಕ್ಕೂ ಇಲ್ಲ.

"ಎಸೆದ್ಬಿಟ್ಯಾ ಅಪಾ? ಎಸೆದ್ಬಿಟ್ಯಾ?"

"ಎಸೆಯೋಣ ಅಂತಾನೇ ಎದ್ದೆ. ನಂಗೂ ಸಿಗ್ಲಿಲ್ಲ."

ಅಷ್ಟರಲ್ಲಿ ತಾಲಾಯ್ ಚಿಕ್ಕಪ್ಪ ಈರುಳ್ಳಿಯ ರಟ್ಟಿನ ಡಬ್ಬ ಹಿಡಿದು ಏದುಸಿರು ಬಿಡುತ್ತ ಬಂದ. "ಎಲ್ಲಿ ಆ ಕುಡುಕ? ಬೇಗ ತುಂಬಿ, ಕಾರು ಅಡ್ಡ ನಿಲ್ಸಿದ್ದೀನಿ."

ಹುಡುಕಿದರೆ ಬಾಲ್ಕನಿಯಲ್ಲಿ ಅಜ್ಜಿ ಕೂತಿದ್ದಳು. ತೊಡೆಯ ಮೇಲೆ ಹಾಸು, ಹಾಸಿನ ಮೇಲೆ ಕುರುತ್. ಬೆಕ್ಕು ಒಂದು ತುದಿಯಲ್ಲಿ ಮೂಗು ಹುದುಗಿಸಿತ್ತು. ಇನ್ನೊಂದು ತುದಿ ಅಜ್ಜಿಯ ಮೂಗಿನ ಹತ್ತಿರವಿತ್ತು. ಇಬ್ಬರ ಕಣ್ಣೂ ಮುಚ್ಚಿತ್ತು.

"ಅಮ್ಮಾ, ಬೆಕ್ಕು ಕೊಡು," ಅಂದ ಚಿಕ್ಕಪ್ಪ.

"ಅದು ಮೂಸ್ತಾ ಇದೆ. ಮುಗೀಲಿ."

"ಯಾವಾಗ ಮುಗಿಯುತ್ತೆ?"

"ನನ್ನದು ಮುಗಿದಾಗ."

"ಥೂ, ಲಾಯದ ನಾತ! ಮನುಷ್ಯರು ಮೂಸ್ತಾರೇನಮ್ಮಾ ಇದನ್ನ?"

ಅಜ್ಜಿ ಕಣ್ಣು ತೆರೆದಳು. "ಬೆಕ್ಕಿಗೊಂದಕ್ಕೇ ಮೂಗು ಕೊಟ್ಟಿದ್ದಾನಾ ದೇವರು? ಇದನ್ನ ಒಯ್ಯೋದಾದ್ರೆ ನನ್ನನ್ನೂ ಆ ಡಬ್ಬಕ್ಕೆ ತುಂಬು. ಹಿಡಿಸ್ತೀನಾ ನೋಡು."

ಅಪಾ ಒಳಗೆ ಹೋಗಿ ಬಟ್ಟೆಯ ಗಂಟನ್ನು ಮುಟ್ಟಿ ನೋಡಿದಳು. ಒಣಗಿತ್ತು. ಆ ಚೀಲ ಮನೆಗೆ ಬರತೊಡಗಿದಾಗಿನಿಂದ ಒಣಗಿಯೇ ಇತ್ತು. ತಿರುಗಿ ಬಂದು, "ತಾಲಾಯ್, ಆ ಡಬ್ಬ ಹೊರಗಿಡು. ಮನೆಯೆಲ್ಲ ಈರುಳ್ಳಿ ನಾತ," ಅಂದಳು. "ಕಾರು ಸರಿಯಾಗಿ ನಿಲ್ಸಿ ಬಾ, ಚಹಾ ಕುಡಿಯುವೆಯಂತೆ."

ಎರ್ಮೆಕ್ ಅಜ್ಜಿಯನ್ನೇ ನೋಡುತ್ತ ನಿಂತ. ಇಷ್ಟು ದಿನ ಅವಳು ಕಿಟಕಿ ಹತ್ತಿರ ಕೂತು ಕಾರುಗಳನ್ನು ನೋಡುತ್ತಾಳೆ ಅಂದುಕೊಂಡಿದ್ದ. ಒಮ್ಮೆಯೂ ಕೇಳಿರಲಿಲ್ಲ.

ಮಾರನೇ ದಿನ ಅವನು ಪಾರ್ಕಿನಿಂದ ಒಂದು ಚೀಲ ಹೊಸ ಹುಲ್ಲು ತಂದ.

"ಬಂದ್ನಪ್ಪಾ!" ಬೆಂಚಿನಿಂದ ರೈಕಾನ್ ಏಜೆ ಕೂಗಿದಳು. "ಅಜ್ಜಿಗೂ ಲಾಯದ ಬಟ್ಟೆ ಮೂಸಿಸ್ತೀಯಂತೆ? ಇವತ್ತು ಅವಳಿಗೆ ಮೇವೂ ತಂದ್ಯಾ?"

ಮತ್ತೆ ನಗು. ಹುಡುಗರು ಮತ್ತೆ ಆಟ ನಿಲ್ಲಿಸಿದರು. ಎರ್ಮೆಕ್‌ನ ನಾಲಿಗೆ ತುದಿಯಲ್ಲಿ ಒಂದು ಉತ್ತರವಿತ್ತು. ಚೆನ್ನಾಗಿಯೇ ಇತ್ತು. ಆಡಿದ್ದರೆ ಹುಡುಗರು ಅವಳ ಕಡೆ ತಿರುಗಿ ನಗುತ್ತಿದ್ದರು. ಬಾಯಿ ತೆರೆದ.

ಆಗ ಕಂಡಿತು. ಬೆಂಚಿನ ಹಿಂದೆ ಸಿಮೆಂಟ್ ಗೋಡೆ, ಪಕ್ಕದಲ್ಲಿ ಕಸದ ತೊಟ್ಟಿ. ರೈಕಾನ್ ಏಜೆಯ ಬಾಯಿ ಇನ್ನೂ ನಗುತ್ತಲೇ ಇತ್ತು. ಕುತ್ತಿಗೆ ಮಾತ್ರ ಚೀಲದ ಕಡೆಗೆ ಉದ್ದವಾಗಿತ್ತು. ಮೂಗಿನ ಹೊಳ್ಳೆಗಳು ಮೆಲ್ಲಗೆ ಅಲುಗುತ್ತಿದ್ದವು.

ಎರ್ಮೆಕ್ ಚೀಲದ ಬಾಯಿಯನ್ನು ಅಗಲಿಸಿ, ಅವಳ ಮುಂದೆ ಸ್ವಲ್ಪ ಹೊತ್ತು ನಿಂತ. ಆಮೇಲೆ ಮೆಟ್ಟಿಲು ಹತ್ತಿ ಹೋದ.