ಉರಿಯಾಮೆ ಮತ್ತು ನೀಲೂರಿನ ಚಂದಲೆ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಬಲು ದೂರದಲ್ಲಿ ಮಂಜುನಾಡು ಎಂಬ ರಾಜ್ಯವಿತ್ತು. ಅಲ್ಲಿ ಬೇಸಿಗೆ ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಚಳಿಗೆ ಸೌದೆ ಬೇಕು, ಸೌದೆಗೆ ಮರ ಬೇಕು. ಕಡಿದು ಕಡಿದು ಕಾಡು ಬೋಳಾಯಿತು. ಮನೆ ಮನೆಯಲ್ಲೂ ಹೊಗೆ, ಹೊಗೆಯ ಜೊತೆಗೆ ಕೆಮ್ಮು.

ಆ ನಾಡಿನ ನೀಲೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಬಮ್ಮಯ್ಯನಿದ್ದ. ಅವನಿಗೆ ಚಂದಲೆ ಎಂಬ ಒಬ್ಬಳೇ ಮಗಳು. ಹೊಗೆ ಕುಡಿದೇ ಚಂದಲೆಯ ತಾಯಿ ತೀರಿಕೊಂಡಿದ್ದಳು.

ಒಂದು ದಿನ ಬಿರುಗಣ್ಣನೆಂಬ ಮಾಂತ್ರಿಕ ಪಾತಾಳದಿಂದ ಒಂದು ಉರಿಯಾಮೆಯನ್ನು ಹಿಡಿದು ತಂದ. ಆಮೆ ಒಂದು ಗುಡಿಸಲಿನಷ್ಟು ದೊಡ್ಡದು. ಅದರ ಮೈಯಲ್ಲಿ ಜ್ವಾಲೆಯಿಲ್ಲ, ಹೊಗೆಯಿಲ್ಲ, ಬರೀ ಕಾವು. ಇರುಂಗ ಮಹಾರಾಜನ ಅಪ್ಪಣೆ ಪಡೆದು ಬಿರುಗಣ್ಣ ನೀಲೂರಿನ ಪಕ್ಕದಲ್ಲಿ ಕೊಳ ತೋಡಿಸಿದ, ಆಮೆಯನ್ನು ಅದರೊಳಗಿಳಿಸಿದ, ಸುತ್ತಲೂ ಕರಿಕಲ್ಲಿನ ಕಂಬ ನೆಟ್ಟ. ಕಂಬಗಳ ನಡುವೆ ಆಮೆ ನಿದ್ದೆ ಹೋಯಿತು. ಕೊಳ ಕುದಿಯಿತು. ಹಬೆ ಮಣ್ಣಿನ ಕೊಳವೆಗಳಲ್ಲಿ ಹರಿದು ಮನೆ ಮನೆ ಸೇರಿತು.

ಅದೆಂಥ ಕಾಲ! ಹಂಡೆಯಲ್ಲಿ ಬೇಕೆಂದಾಗ ಬಿಸಿನೀರು. ಹಬೆಯ ಬಲಕ್ಕೆ ಬೀಸುವ ಕಲ್ಲು ತಾನಾಗಿ ತಿರುಗುತ್ತಿತ್ತು. ಮುದುಕರ ಕೆಮ್ಮು ನಿಂತಿತು, ಬೋಳು ಗುಡ್ಡದಲ್ಲಿ ಕಾಡು ಚಿಗುರಿತು. ಬಮ್ಮಯ್ಯನ ಬಣ್ಣದ ಬಾನಿಗಳು ಬೆಳಗಿನಿಂದ ಸಂಜೆಯವರೆಗೆ ಬೆಚ್ಚಗಿರುತ್ತಿದ್ದವು. ಅದ್ದಿ ತೆಗೆದ ಬಟ್ಟೆ ಮೊದಲು ಹಸಿರಾಗಿ ಕಂಡು, ಗಾಳಿ ಸೋಕಿದಂತೆ ನೀಲಿಗೆ ತಿರುಗುವುದನ್ನು ಚಂದಲೆ ಎಷ್ಟು ಸಲ ನೋಡಿದರೂ ಬಾಯಿಬಿಟ್ಟು ನೋಡುತ್ತಿದ್ದಳು. ಬೀದಿಯ ತುಂಬ ನೀಲಿ ಸೀರೆಗಳು ಒಣಗುತ್ತಿದ್ದವು. ಅವುಗಳ ಕೆಳಗೆ ಓಡಾಡಿದರೆ ತಲೆಯ ಮೇಲೆ ಹನಿ ಬೀಳುತ್ತಿತ್ತು.

ಆದರೆ ಬಿರುಗಣ್ಣನಿಗೆ ಅಷ್ಟು ಸಾಲಲಿಲ್ಲ. ಬಂಡೆಯನ್ನು ಕರಗಿಸಿ ಚಿನ್ನ ಮಾಡಬೇಕೆಂಬ ಆಸೆ ಹತ್ತಿತು. ಇನ್ನೂ ಕಾವು ಬೇಕೆಂದು ಒಂದು ಕಂಬ ಕಿತ್ತ. ಇನ್ನೂ ಬೇಕೆಂದು ಮತ್ತೊಂದು ಕಿತ್ತ. ಮೂರನೆಯದನ್ನು ಕಿತ್ತಾಗ ಆಮೆಗೆ ಎಚ್ಚರವಾಯಿತು.

ಬೆಂಕಿಯೇನೂ ಕಾಣಲಿಲ್ಲ. ಮರದ ಎಲೆಗಳೆಲ್ಲ ಕೆಂಪಾದವು, ಗುಬ್ಬಿಗಳು ಸೂರಿನಿಂದ ಉದುರಿದವು. ರಾಜಭಟರು ಓಡಿಬಂದು, "ಏನನ್ನೂ ಮುಟ್ಟಬೇಡಿ, ಉಟ್ಟ ಬಟ್ಟೆಯಲ್ಲೇ ಹೊರಡಿ" ಎಂದು ಕೂಗಿದರು. ಚಂದಲೆ ಅನ್ನದ ಮಡಕೆ ಒಲೆಯ ಮೇಲಿರುವಂತೆಯೇ ಹೊರಟಳು. ಊರಿಗೆ ಊರೇ ನಡೆದು ನದಿಯಾಚೆಯ ಹೊಸಪೇಟೆ ಸೇರಿತು.

ಅಲ್ಲಿನವರು ಕೆಟ್ಟವರಲ್ಲ, ಜಾಗ ಕೊಟ್ಟರು. ಆದರೂ ಕಾವು ಅಂಟೀತೆಂದು ನೀಲೂರಿನವರು ಕುಡಿದು ಇಟ್ಟ ಲೋಟವನ್ನು ಎರಡು ಸಲ ತೊಳೆಯುತ್ತಿದ್ದರು. ಬಮ್ಮಯ್ಯ ದಿನವೂ ನದಿಯ ದಂಡೆಯಲ್ಲಿ ಕೂತು ಊರಿನ ದಿಕ್ಕು ನೋಡುತ್ತಿದ್ದ. ಹಾಗೆ ನೋಡುತ್ತಲೇ ಕಣ್ಣು ಮುಚ್ಚಿದ.

ವರ್ಷಗಳು ಉರುಳಿದವು. ಆಮೆಯ ಕಾವು ಇಂಚಿಂಚಾಗಿ ನದಿಯ ಕಡೆಗೆ ಹಬ್ಬುತ್ತಿತ್ತು. ಮಹಾರಾಜ ಡಂಗುರ ಹೊಡೆಸಿದ. "ಕಿತ್ತ ಕಂಬಗಳನ್ನು ಮಾಂತ್ರಿಕ ರೂಪ ಬದಲಿಸಿ ಅಲ್ಲೇ ಅಡಗಿಸಿದ್ದಾನೆ. ಹುಡುಕಿ ನೆಡುವವರು ಯಾರಾದರೂ ಇದ್ದೀರಾ?"

ಯಾರೂ ಮುಂದೆ ಬರಲಿಲ್ಲ. ಚಂದಲೆ ಬಂದಳು.

"ಹೆದರಿಕೆಯಿಲ್ಲವೇನಮ್ಮ?" ಎಂದ ಮಹಾರಾಜ.

"ಇದೆ ಪ್ರಭು. ಆದರೆ ಹಾಗಾದರೂ ಒಂದು ಸಲ ಮನೆ ನೋಡಬಹುದಲ್ಲ."

ಅರಮನೆಯ ವೈದ್ಯ ಸೀಸದ ಎಳೆ ನೇಯ್ದ ಕಂಬಳಿಯನ್ನು ಅವಳಿಗೆ ಹೊದಿಸಿದ. "ಇದನ್ನು ಯಾವ ಕಾರಣಕ್ಕೂ ತೆಗೆಯಬೇಡ ತಾಯಿ. ಹೊತ್ತು ಮುಳುಗುವ ಮುಂಚೆ ಹೊರಗೆ ಬಂದುಬಿಡು."

ಚಂದಲೆ ನದಿ ದಾಟಿದಳು. ಕೆಂಪು ಎಲೆಗಳ ಕಾಡಿನಲ್ಲಿ ಒಂದು ಸಾರಂಗ ಅಡ್ಡ ನಿಂತಿತು. ಅದರ ಒಂದು ಕೊಂಬು ಕರಿಕಲ್ಲಿನದು.

"ಅರ್ಧ ಸತ್ಯ ಹೇಳುವವರನ್ನು ತಿವಿದು ಕೊಲ್ಲೆಂದು ಮಾಂತ್ರಿಕ ನನ್ನನ್ನು ಮಂತ್ರದಿಂದ ಕಟ್ಟಿಹಾಕಿದ್ದಾನೆ. ಹೇಳು, ಆಮೆ ಬಂದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ?" ಎಂದಿತು ಸಾರಂಗ.

ಕೆಟ್ಟದ್ದು ಎನ್ನಲು ಚಂದಲೆಯ ಬಾಯಿ ತೆರೆದಿತ್ತು. ಅಷ್ಟರಲ್ಲಿ ಹೊಗೆಯಲ್ಲಿ ಕೆಮ್ಮುತ್ತ ಸತ್ತ ತಾಯಿಯ ನೆನಪಾಯಿತು.

"ಅದು ಬರುವ ಮುಂಚೆ ನಮ್ಮವ್ವ ಹೋದಳು. ಬಂದಮೇಲೆ ಯಾರೂ ಹಾಗೆ ಸಾಯಲಿಲ್ಲ, ನಿನ್ನ ಕಾಡೂ ಬೆಳೆಯಿತು. ಆಮೇಲೆ ಅದೇ ನಮ್ಮೂರನ್ನು ನುಂಗಿತು. ಎರಡೂ ನಿಜ. ಇದನ್ನು ಕೂಡಿಸಿ ಕಳೆದು ಹೇಳುವುದು ನನಗೆ ಬಾರದು."

ಸಾರಂಗ ತಲೆ ತಗ್ಗಿಸಿತು. ಕರಿಕಲ್ಲಿನ ಕೊಂಬು ಕಳಚಿ ಅವಳ ಕೈಗೆ ಬಂತು. ಅದೇ ಮೊದಲ ಕಂಬ.

ಮುಂದೆ ನೀಲೂರು. ಅಂಗಳದಲ್ಲಿ ಹುಲ್ಲು, ಜಗಲಿಯ ಮೇಲೆ ಬಳ್ಳಿ. ತನ್ನ ಮನೆಯ ಬಾಗಿಲಲ್ಲಿ ಚಂದಲೆಯ ಕಾಲು ನಿಂತುಹೋಯಿತು. ಒಳಗೆ ಅಪ್ಪ ಒಂದು ಕರಿ ಕೋಲಿನಿಂದ ಬಾನಿ ಕಲಕುತ್ತಿದ್ದ.

"ಬಂದೆಯಾ ಮಗಳೇ? ಎಷ್ಟು ದಿನ ಕಾಯಿಸಿದೆ! ಆ ಭಾರದ ಕಂಬಳಿ ತೆಗೆದಿಟ್ಟು ಕೂತುಕೋ. ಊಟ ಮಾಡುವಿಯಂತೆ."

ಅದೇ ದನಿ. ಚಂದಲೆಗೆ ದುಃಖ ಉಕ್ಕಿತು. ಕಂಬಳಿಯ ಗಂಟಿಗೆ ಕೈ ಹಾಕಿದಳು. "ಅಪ್ಪಾ, ಹೊಸಪೇಟೆಯಲ್ಲಿ ನನಗೆ ಒಂದು ದಿನವೂ ಸರಿಯಾಗಿ ನಿದ್ದೆ ಬರಲಿಲ್ಲ."

"ಇಲ್ಲೇ ಇದ್ದುಬಿಡು. ಏನೂ ಬದಲಾಗಿಲ್ಲ" ಎಂದು ಅವನು ಕೈ ಚಾಚಿದ. ಆ ಕೈ ಹಾಲಿನಷ್ಟು ಬೆಳ್ಳಗಿತ್ತು. ಬಮ್ಮಯ್ಯನ ಉಗುರಿನ ನೀಲಿ ಚಿತೆಯ ಮೇಲೂ ಹೋಗಿರಲಿಲ್ಲ.

"ನೀನು ನಮ್ಮಪ್ಪ ಅಲ್ಲ" ಎಂದಳು ಚಂದಲೆ. ಹಾಗೆನ್ನುವಾಗ ಅವಳ ಎದೆ ಬಿರಿಯಿತು. ಆದರೂ ಕೋಲನ್ನು ಕಿತ್ತುಕೊಂಡಳು. ಅಪ್ಪನ ರೂಪ ಮಂಜಿನಂತೆ ಕರಗಿತು. ಬಾನಿ ಖಾಲಿಯಾಗಿತ್ತು, ತಳದಲ್ಲಿ ಒಣಗಿದ ಎಲೆಗಳಿದ್ದವು. ಅವಳ ಕೈಯಲ್ಲಿದ್ದದ್ದು ಎರಡನೆಯ ಕಂಬ.

ಕೊಳದ ದಂಡೆಯಲ್ಲಿ ಬಿರುಗಣ್ಣ ಮೂರನೆಯ ಕಂಬವನ್ನೇ ಊರುಗೋಲು ಮಾಡಿಕೊಂಡು ಕೂತಿದ್ದ.

"ಆ ಎರಡನ್ನು ನನಗೆ ಕೊಡು. ನಿನ್ನ ಊರನ್ನು ಇದ್ದಂತೆಯೇ ಮರಳಿಸುತ್ತೇನೆ. ಬೀದಿಯ ನೀಲಿ ಸೀರೆ, ಜನ, ಅಪ್ಪ, ಎಲ್ಲ. ಈ ಸಲ ನಿಜವಾದ ಅಪ್ಪ."

"ಆಮೆ?" ಎಂದಳು.

"ಅದು ಬೇರೆ ಊರಿಗೆ ಹೋಗುತ್ತದೆ. ಹೊಸಪೇಟೆ ಹತ್ತಿರದಲ್ಲೇ ಇದೆಯಲ್ಲ. ಅವರು ನಿನಗೆ ಏನಾಗಬೇಕು?"

ಅವಳಿಗೆ ಹೊಸಪೇಟೆಯವರ ಮುಖಗಳು ನೆನಪಾದವು. ಲೋಟ ಎರಡು ಸಲ ತೊಳೆಯುವ ಜನ, ಅಪ್ಪನ ಹೆಣಕ್ಕೆ ಹೆಗಲು ಕೊಟ್ಟ ಜನ. ಆಮೇಲೆ ಅವಳು ಒಂದು ಕಂಬವನ್ನು ನೆಟ್ಟಳು, ಎರಡನೆಯದನ್ನೂ ನೆಟ್ಟಳು. ಕೆರಳಿದ್ದ ಆಮೆಯ ಕಣ್ಣು ಅರ್ಧ ಮುಚ್ಚಿತು.

ಆಮೆ ಹೇಳಿತು, "ತಾಯಿ, ನಾನಾಗಿ ಬಂದವನಲ್ಲ. ನೀರು ಬೇಕು, ಕಂಬ ಬೇಕು, ಉದುರಿದರೂ ಕಾವು ಆರದ ನನ್ನ ಚಿಪ್ಪನ್ನು ಕಲ್ಲಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ಜನ ಬೇಕು. ನೀವು, ನಿಮ್ಮ ಮಕ್ಕಳು, ಅವರ ಮಕ್ಕಳು. ಅಷ್ಟಿದ್ದರೆ ನಾನು ಮಲಗಿಯೇ ಇರುತ್ತೇನೆ."

ಹೀಗೆಂದು ಕತ್ತು ಚಾಚಿ ಊರುಗೋಲನ್ನು ಕಚ್ಚಿ ಎಳೆಯಿತು. ಕೋಲನ್ನು ಕೈಬಿಟ್ಟಿದ್ದರೆ ಬಿರುಗಣ್ಣ ಬದುಕುತ್ತಿದ್ದ. ಬಿಡಲಿಲ್ಲ. ಕೋಲು ಕೊಳದ ತಳದಲ್ಲಿ ನಾಟಿತು. ಕೋಲಿನ ಜೊತೆ ಹೋದವನು ಹಬೆಯಾಗಿ ಹಾರಿಹೋದ.

ಚಂದಲೆ ಹೊತ್ತು ಮುಳುಗುವ ಮುಂಚೆಯೇ ನದಿ ದಾಟಿ ಮರಳಿದಳು. ಮಹಾರಾಜ ಸಭೆ ಕರೆದ. ಒಬ್ಬರು ಆಮೆ ಪಾತಾಳಕ್ಕೇ ಹೋಗಲಿ ಎಂದರು. ಇನ್ನೊಬ್ಬರು, "ಮತ್ತೆ ಹೊಗೆ ಕುಡಿಯೋಣವೇ?" ಎಂದು ರೇಗಿದರು. ಕೊನೆಗೆ ಎಲ್ಲರೂ ಚಂದಲೆಯ ಮುಖ ನೋಡಿದರು.

"ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಿ. ಆದರೆ ಯಾರ ಮನೆಯ ಪಕ್ಕ ಇಡುತ್ತೀರಿ?"

ಅವಳು ಮಹಾರಾಜನ ಕಡೆ ತಿರುಗಿದಳು.

"ನಿಮ್ಮ ಅರಮನೆಯ ಪಕ್ಕದಲ್ಲಿ ಇರಲಿ ಪ್ರಭು. ತನ್ನ ಮಕ್ಕಳು ಮಲಗುವ ಕೋಣೆಯಿಂದ ಕಾಣುವಷ್ಟು ಹತ್ತಿರದಲ್ಲಿದ್ದರೆ ಯಾವ ದೊರೆಯೂ ಕಂಬ ಕೀಳಲು ಬಿಡುವುದಿಲ್ಲ."

ಮಂತ್ರಿಗಳು ಗುಸುಗುಟ್ಟಿದರು. ಇರುಂಗ ಮಹಾರಾಜ ಕಿಟಕಿಯಾಚೆ ಆಡುತ್ತಿದ್ದ ತನ್ನ ಮೊಮ್ಮಕ್ಕಳನ್ನು ನೋಡಿದ.

"ಆಗಲಿ" ಎಂದ.

ಆನೆಗಳು ನೀರು ತುಂಬಿದ ಮಹಾ ಕೊಪ್ಪರಿಗೆಯಲ್ಲಿ ಮಲಗಿದ ಆಮೆಯನ್ನು, ಸುತ್ತಲ ಕಂಬಗಳ ಸಮೇತ, ಹೊತ್ತು ತಂದವು. ಅರಮನೆಯ ಪಕ್ಕದ ಹೊಸ ಕೊಳವನ್ನು ಮಹಾರಾಜ ದಿನವೂ ತಾನೇ ಸುತ್ತಿ ನೋಡಿದ, ಅವನ ಮಗನೂ ನೋಡಿದ. ನಾಡು ಬೆಚ್ಚಗಾಯಿತು. ಯಾರೂ ಹೊಗೆ ಕುಡಿಯಲಿಲ್ಲ, ಯಾರೂ ಊರು ಬಿಡಲಿಲ್ಲ.

ನೀಲೂರಿನ ಮಣ್ಣಿನಲ್ಲಿ ಇಳಿದ ಕಾವು ಮಾತ್ರ ಬೇಗ ಆರುವಂಥದ್ದಲ್ಲ, ಜನ ಅಲ್ಲಿ ಮತ್ತೆ ಮನೆ ಮಾಡುವಂತಿರಲಿಲ್ಲ. ಅಲ್ಲಿ ಕಾಡು ಬೆಳೆಯಿತು, ಜಗಲಿಗಳ ಮೇಲೆ ಜಿಂಕೆಗಳು ಮಲಗಿದವು. ಹೊಸಪೇಟೆಯಲ್ಲೇ ಮದುವೆಯಾಗಿ ಮಕ್ಕಳನ್ನು ಹೆತ್ತ ಚಂದಲೆ, ಊರಿನವರ ಜೊತೆ ಯುಗಾದಿಗೊಮ್ಮೆ ನದಿಯ ಈಚೆ ದಡದ ಗುಡ್ಡ ಹತ್ತುತ್ತಿದ್ದಳು. "ಆ ಮನೆಯ ಮಾಡು ಕುಂಬಾರರದ್ದು. ಅದರ ಹಿಂದೆ ನಮ್ಮದು. ಅಲ್ಲ, ಇನ್ನೂ ಎಡಕ್ಕೆ" ಎಂದು ಬೆರಳು ಮಾಡಿ ತೋರಿಸುತ್ತಿದ್ದಳು. ಆ ಊರನ್ನು ಕಾಣದ ಮಕ್ಕಳು ಸ್ವಲ್ಪ ಹೊತ್ತು ಕೇಳಿ, ಆಕಳಿಸಿ, ಅವಳ ಸೆರಗು ಜಗ್ಗುತ್ತಿದ್ದರು.

"ಅವ್ವಾ, ಹಸಿವಾಗ್ತಿದೆ. ಮನೆಗೆ ಹೋಗೋಣ."

"ನಡೀರಿ, ಮನೆಗೆ ಹೋಗೋಣ" ಎಂದು ಚಂದಲೆ ಏಳುತ್ತಿದ್ದಳು. ಹಾಗೆ ಅವರೆಲ್ಲ ಸುಖವಾಗಿ ಬಾಳಿದರು, ಕೇಳಿದ ನಾವೂ ಬೆಚ್ಚಗಿದ್ದೇವೆ.